ಬರಗಾಲದ ನಡುವೆ ಯಮುನೆಯ ನೀರು: ನೃತ್ಯಸಂಯೋಜಕಿ ಚಂದ್ರಲೇಖಾ

ಭರತನಾಟ್ಯದ ರಂಗಪ್ರವೇಶವೆಂದರೆ ಏನೆಂಬುದನ್ನು ಮುಂಬಯಿ, ಪುಣೆ, ಚೆನ್ನೈ ನಗರಗಳಲ್ಲಿ ನೆಲೆಸಿರುವ ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಹಿಂದೆ ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಇಂಥ ಸಮಾರಂಭಗಳಿಗೆ ಉಪಾಹಾರವನ್ನು ಒದಗಿಸಿಕೊಟ್ಟದ್ದುಂಟು. ಕಾಫಿಯ ಪಾತ್ರೆಗಳನ್ನು ಇಳಿಸಿ, ಸಭಾಗೃಹದ ಹಿಂಬದಿಯ ಬಾಗಿಲಲ್ಲಿ ನಿಂತು, ರಂಗದ ಮೇಲೆ ಆಭರಣಗಳಿಂದ ಅಲಂಕೃತಳಾದ ಬಾಲೆಯೊಬ್ಬಳು ಕೃಷ್ಣನಿಗಾಗಿ ಹಂಬಲಿಸುವುದನ್ನೂ, ಮುಂದಿನ ಸಾಲಿನಲ್ಲಿ ಕುಳಿತ ಬಂಧುವರ್ಗದವರು ಚಪ್ಪಾಳೆ ತಟ್ಟುವುದನ್ನೂ ನಾವೂ ನಮ್ಮ ಹುಡುಗರೂ ನೋಡಿದ್ದೇವೆ. ಎಲ್ಲವೂ ಚೆನ್ನಾಗಿಯೇ ಇರುತ್ತಿತ್ತು. ಆದರೆ ರಂಗದ ಮೇಲಿನ ಆ ಲೋಕಕ್ಕೂ ಬಾಗಿಲಲ್ಲಿ ನಿಂತ ನಮ್ಮ ಲೋಕಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಯಾರಿಗೂ ಬರುತ್ತಿರಲಿಲ್ಲ.

ಈ ಪ್ರಶ್ನೆಯು 1952ರಲ್ಲಿ, ಮದರಾಸಿನ ಒಂದು ರಂಗದ ಮೇಲೆ, ನರ್ತಿಸುತ್ತಿದ್ದ ತರುಣಿಗೇ ಬಂದಿತು. ಅದೂ ನೃತ್ಯದ ನಟ್ಟನಡುವೆ. ಆಕೆಯ ಹೆಸರು ಚಂದ್ರಲೇಖಾ. ಅಂದು ಆಕೆಯ ರಂಗಪ್ರವೇಶ. ಆ ಕಾರ್ಯಕ್ರಮದಿಂದ ಬಂದ ಹಣವನ್ನು ರಾಯಲಸೀಮೆಯ ಬರಗಾಲದ ಪರಿಹಾರನಿಧಿಗೆ ಸಲ್ಲಿಸುವುದೆಂದು ಗೊತ್ತುಮಾಡಲಾಗಿತ್ತು. ರಾಯಲಸೀಮೆಯೆಂದರೆ ಅನಂತಪುರ, ಕರ್ನೂಲು, ಕಡಪ, ಚಿತ್ತೂರು ಜಿಲ್ಲೆಗಳ ಸೀಮೆ. ಹಿಂದೆ ದತ್ತಮಂಡಲವೆಂದು ಕರೆಯಿಸಿಕೊಳ್ಳುತ್ತಿದ್ದಾಗ ನಮ್ಮ ಬಳ್ಳಾರಿಯೂ ಅದರೊಡನೆಯೇ ಇದ್ದಿತು. 1953ರ ಅಕ್ಟೋಬರಿನಲ್ಲಿ ಮೈಸೂರಿಗೆ ಸೇರುವವರೆಗೂ ಬಳ್ಳಾರಿಯು ಮದರಾಸು ರಾಜ್ಯದ ಜಿಲ್ಲೆಯೇ ಆಗಿದ್ದಿತೆಂಬುದನ್ನು ಹಿರಿಯರು ಮರೆತಿರಲಾರರು. ಆ ಕಡೆಯ ಬರವೆಂದರೆ ಎಂಥದೆಂಬುದನ್ನು ಬಳ್ಳಾರಿ, ರಾಯಚೂರುಗಳಿಂದ ಹೊಟ್ಟೆಪಾಡಿಗಾಗಿ ಹೊರಟು ಬಂದವರನ್ನು ಕೇಳಿದರೆ ಸಾಕು.

ಆಕೆ ಅಂದು ನರ್ತಿಸುತ್ತಿದ್ದುದು 'ಮಥುರಾ ನಗರಿಲೋ' ಎಂಬ ಕೃತಿ. ಯಮುನೆಯ ತೀರ, ತುಂಬಿ ಹರಿಯುವ ಹೊಳೆ, ಸಖಿಯರ ಜಲಕ್ರೀಡೆ, ಎರಚಾಡುವ ನೀರು ಇವೆಲ್ಲವನ್ನೂ ಕೈಗಳಿಂದಲೂ ಕಣ್ಣುಗಳಿಂದಲೂ ಸೃಷ್ಟಿಸಬೇಕು. ಸೃಷ್ಟಿಸುತ್ತಿರುವಂತೆಯೇ ಆಕೆಗೆ ದಿನಪತ್ರಿಕೆಗಳಲ್ಲಿ ಕಂಡ ಛಾಯಾಚಿತ್ರಗಳು ನೆನಪಾದವು. ಬಿರುಕುಬಿಟ್ಟ ನೆಲ. ಕೈಯಲ್ಲಿ ಪುಟ್ಟ ಡಬ್ಬಗಳನ್ನು ಹಿಡಿದು ನೀರಿಗಾಗಿ ಉದ್ದನೆಯ ಸಾಲಿನಲ್ಲಿ ನಿಂತ ಜನ. ಗುರುಗಳ ಹಾಡುಗಾರಿಕೆ ನಡೆದೇ ಇದ್ದಿತು. ಆಕೆ ಮಾತ್ರ ಕ್ಷಣಕಾಲ ಸ್ತಬ್ಧಳಾದಳು. ನೀರಿಲ್ಲದವರಿಗಾಗಿ ಹಣ ಕೂಡಿಸುತ್ತಿರುವ ಸಭೆಯಲ್ಲಿ ತಾನು ನೀರಿನ ಸಮೃದ್ಧಿಯನ್ನು ಕುಣಿಯುತ್ತಿದ್ದೇನೆ! ತನ್ನೊಳಗೆ ಇಬ್ಬರು ವ್ಯಕ್ತಿಗಳಾಗಿ ಒಡೆದುಹೋದಂತಾಯಿತೆಂದು ಆಕೆ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಸಭಿಕರಲ್ಲಿ ಯಾರಿಗೂ ಇದು ತಿಳಿದಿರಲಾರದು. ನೃತ್ಯವು ಮುಂದುವರಿಯಿತು, ಮುಗಿಯಿತು. ಆದರೆ ಚಂದ್ರಲೇಖಾ ಅವರ ಮುಂದಿನ 54 ವರುಷಗಳ ಬಾಳೆಲ್ಲ ಆ ಒಂದು ಕ್ಷಣಕ್ಕೆ ಉತ್ತರವನ್ನು ಹುಡುಕುವುದರಲ್ಲಿಯೇ ಕಳೆಯಿತೆಂದರೆ ತಪ್ಪಾಗಲಾರದು.

ಆಕೆ ಹುಟ್ಟಿದ್ದು 1928ರ ಡಿಸೆಂಬರ್ 6ರಂದು, ಮಹಾರಾಷ್ಟ್ರದ ವಾಡಾ ಎಂಬ ಊರಿನಲ್ಲಿ. ಗುಜರಾತಿ ಪಟೇಲ್ ಮನೆತನ. ತಂದೆ ವೈದ್ಯರು, ದೇವರ ವಿಷಯದಲ್ಲಿ ಸಂಶಯವಾದಿಗಳು. ತಾಯಿ ಪರಮ ದೈವಭಕ್ತೆ. ಎರಡರ ಗುಣವೂ ಮಗಳಲ್ಲಿ ಸೇರಿದಂತಿದೆ. ಶಾಲೆಯ ವಿದ್ಯಾಭ್ಯಾಸ ಮುಗಿದಮೇಲೆ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿ, ಅದನ್ನು ನಡುವೆಯೇ ಬಿಟ್ಟು, ನೃತ್ಯವನ್ನು ಕಲಿಯಲೆಂದು ಮದರಾಸಿಗೆ ಬಂದರು. ಪರಭಾಷೆಯ ಊರಿಗೆ ಒಂಟಿಯಾಗಿ ಬಂದು ನೆಲೆಯೂರುವ ಕಷ್ಟವನ್ನು ನಮ್ಮ ವಾಚಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕಾಂಚೀಪುರದ ಎಲ್ಲಪ್ಪ ಪಿಳ್ಳೆಯವರು ಗುರುಗಳಾಗಿ ದೊರೆತರು. ಬಾಲಸರಸ್ವತಿಯವರ ಅಭಿನಯವನ್ನೂ ರುಕ್ಮಿಣೀದೇವಿಯವರ ಶಿಸ್ತನ್ನೂ ಹತ್ತಿರದಿಂದ ನೋಡುವ ಭಾಗ್ಯ ಲಭಿಸಿತು. ಸರೋಜಿನಿ ನಾಯಿಡು ಅವರ ತಮ್ಮಂದಿರಾದ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಸ್ನೇಹವು ಸಾಹಿತ್ಯದ ಬಾಗಿಲನ್ನು ತೆರೆಯಿತು.

ಆ ಕಾಲವು ಭರತನಾಟ್ಯಕ್ಕೆ ಎಂಥ ಕಾಲವೆಂಬುದನ್ನು ಇಲ್ಲಿ ನೆನೆಯಬೇಕು. ಶತಮಾನಗಳ ಕಾಲ ದೇವಾಲಯಗಳಲ್ಲಿಯೂ ಅರಮನೆಗಳಲ್ಲಿಯೂ ದೇವದಾಸಿಯರು ಉಳಿಸಿಕೊಂಡು ಬಂದ ಕಲೆಯಿದು. 1947ರಲ್ಲಿ ಮದರಾಸಿನ ಶಾಸನಸಭೆಯು ದೇವದಾಸಿ ಪದ್ಧತಿಯನ್ನು ಕಾನೂನಿನ ಮೂಲಕ ನಿಲ್ಲಿಸಿತು. ಅಷ್ಟರಲ್ಲಾಗಲೇ ಗೌರವಸ್ಥ ಮನೆತನಗಳ ಹೆಣ್ಣುಮಕ್ಕಳು ಆ ನೃತ್ಯವನ್ನು ಕಲಿಯತೊಡಗಿದ್ದರು. ಕಲೆಯು ಉಳಿಯಿತು, ಕಲೆಯನ್ನು ಹೊತ್ತು ತಂದ ಸ್ತ್ರೀಯರು ಬಹುಮಟ್ಟಿಗೆ ಮರೆಗೆ ಸರಿದರು. ಚಂದ್ರಲೇಖಾ ಅವರು ಈ ಸಂಗತಿಯನ್ನು ಮರೆತವರಲ್ಲ. 1960ರ ಸುಮಾರಿನಲ್ಲಿ ಅವರು ಮೊದಲಿಗೆ ರಚಿಸಿದ ಒಂದು ನೃತ್ಯಪ್ರಬಂಧದ ಹೆಸರೇ 'ದೇವದಾಸಿ'.

ಬಳಿಕ ಏನಾಯಿತೆಂಬುದು ಸೋಜಿಗದ ಸಂಗತಿ. ಹೆಸರು ಬರುತ್ತಿರುವಾಗಲೇ ಆಕೆ ರಂಗವನ್ನು ಬಿಟ್ಟರು. ಒಡವೆ, ಕಸೂತಿಯ ಸೀರೆ, ನಾಯಕನಿಗಾಗಿ ಕಾದು ಕುಳಿತ ನಾಯಕಿಯ ನಿಟ್ಟುಸಿರು ಇವುಗಳ ಪುನರಾವೃತ್ತಿ ಸಾಕೆನಿಸಿತು. ಅಂಗಡಿ ಚೆನ್ನಾಗಿ ನಡೆಯುತ್ತಿರುವಾಗ ಬಾಗಿಲು ಹಾಕುವವರು ಎಷ್ಟು ಮಂದಿ? ನಮ್ಮ ಕಸುಬಿನಲ್ಲಂತೂ ಒಬ್ಬರನ್ನೂ ಕಂಡಿಲ್ಲ. ಗಿರಾಕಿಗೆ ಬೇಕಾದುದು ಅದೇ ತಿಂಡಿಯಾದರೆ ಅದನ್ನೇ ನಲವತ್ತು ವರುಷ ಬಡಿಸುವುದು ವ್ಯಾಪಾರದ ಧರ್ಮ. ಕಲೆಯ ಧರ್ಮ ಬೇರೆಯೆಂದು ತೋರುತ್ತದೆ.

1972ರಲ್ಲಿ ಕಾಮದೇವ್ ಎಂಬ ನರ್ತಕರೊಡಗೂಡಿ 'ನವಗ್ರಹ' ಎಂಬ ಕೃತಿಯನ್ನು ರಚಿಸಿದುದನ್ನು ಬಿಟ್ಟರೆ, ಸುಮಾರು ಎರಡು ದಶಕಗಳ ಕಾಲ ಚಂದ್ರಲೇಖಾ ಅವರು ನೃತ್ಯಲೋಕದಿಂದ ದೂರವೇ ಉಳಿದರು. ಸುಮ್ಮನೆ ಕುಳಿತರೆಂದು ಇದರ ಅರ್ಥವಲ್ಲ. ಕವಿತೆಗಳನ್ನು ಬರೆದರು. ಭಿತ್ತಿಪತ್ರಗಳನ್ನೂ ಪುಸ್ತಕಗಳನ್ನೂ ವಿನ್ಯಾಸಗೊಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ ದಶರಥ ಪಟೇಲರೂ, ಪತ್ರಕರ್ತ ಸದಾನಂದ ಮೆನನ್ನರೂ ಅವರ ಆಜೀವ ಒಡನಾಡಿಗಳಾದರು. ಸ್ತ್ರೀಯರ ಹಕ್ಕುಗಳಿಗಾಗಿಯೂ ನಾಗರಿಕ ಸ್ವಾತಂತ್ರ್ಯಕ್ಕಾಗಿಯೂ ನಡೆದ ಚಳವಳಿಗಳಲ್ಲಿ ದುಡಿದರು. ಭಿತ್ತಿಪತ್ರಗಳನ್ನು ತಾವೇ ಮಾಡಿಕೊಳ್ಳುವ ವಿದ್ಯೆಯನ್ನು ಕಾರ್ಯಕರ್ತರಿಗೆ ಹೇಳಿಕೊಟ್ಟರು. 1982ರಲ್ಲಿ ಮದರಾಸಿನ ಪೊಲೀಸರು ಆಕೆಯ ಮೇಲೂ ಮೆನನ್ನರ ಮೇಲೂ ರಾಜದ್ರೋಹದ ಆಪಾದನೆಯನ್ನು ಹೊರಿಸಿದರು. ದೇಶದಾದ್ಯಂತ ಪ್ರತಿಭಟನೆ ನಡೆದು, ಕಡೆಗೆ ಆ ಮೊಕದ್ದಮೆಯು ಬಿದ್ದುಹೋಯಿತು. ರಾಜದ್ರೋಹದ ಆಪಾದನೆಯನ್ನು ಹೊತ್ತ ಭರತನಾಟ್ಯ ಕಲಾವಿದೆಯರು ನಮ್ಮ ದೇಶದಲ್ಲಿ ಬಹಳ ಮಂದಿಯಿರಲಾರರು.

ಮರಳಿ ರಂಗಕ್ಕೆ ಬರುವ ಸಂದರ್ಭವು ಒದಗಿದ್ದು ನಮ್ಮ ಮುಂಬಯಿಯಲ್ಲಿ. 1984ರಲ್ಲಿ ಜರ್ಮನ್ ಸಂಸ್ಕೃತಿಸಂಸ್ಥೆಯಾದ ಮ್ಯಾಕ್ಸ್ ಮ್ಯೂಲರ್ ಭವನವು ನರಿಮನ್ ಪಾಯಿಂಟಿನ ರಾಷ್ಟ್ರೀಯ ಪ್ರದರ್ಶನಕಲಾ ಕೇಂದ್ರದಲ್ಲಿ ಪೂರ್ವಪಶ್ಚಿಮ ನೃತ್ಯಸಮ್ಮೇಲನವನ್ನು ಏರ್ಪಡಿಸಿತು. ಜಾರ್ಜ್ ಲೆಕ್ನರ್ ಎಂಬವರು ಇದರ ಮುಖ್ಯ ಪ್ರೇರಕರು. ಜರ್ಮನಿಯ ಸುಸಾನೆ ಲಿಂಕೆ ಮೊದಲಾದ ನರ್ತಕಿಯರೂ ನಮ್ಮ ದೇಶದ ಖ್ಯಾತ ಕಲಾವಿದರೂ ಅಲ್ಲಿ ಕಲೆತರು. ಸಮಕಾಲೀನ ನೃತ್ಯವೆಂದರೇನು, ಹಳೆಯ ಶೈಲಿಗಳು ಇಂದಿನ ಮನುಷ್ಯನ ಬಾಳಿನ ಬಗೆಗೆ ಏನಾದರೂ ಹೇಳಬಲ್ಲವೆ ಎಂಬ ಚರ್ಚೆ ನಡೆಯಿತು. ಅಲ್ಲಿ ಚಂದ್ರಲೇಖಾ ಅವರು ತೋರಿಸಿದ ನೃತ್ಯಖಂಡಗಳನ್ನು ಕಂಡವರು, ಈಕೆ ಇಷ್ಟು ವರುಷ ಎಲ್ಲಿದ್ದರೆಂದು ಬೆರಗಾದರು. ವಯಸ್ಸು ಆಗ 55. ಸರಕಾರಿ ಗುಮಾಸ್ತೆಯು ನಿವೃತ್ತಿಯ ಲೆಕ್ಕವನ್ನು ಹಾಕತೊಡಗುವ ವಯಸ್ಸದು. ಆಕೆಯ ಮುಖ್ಯ ಕೃತಿಗಳೆಲ್ಲ ಹುಟ್ಟಿದುದು ಅದರ ಅನಂತರವೇ.

1985ರಲ್ಲಿ 'ಅಂಗಿಕ' ಬಂದಿತು. ಹೆಸರಿನಲ್ಲಿಯೇ ಸಿದ್ಧಾಂತವಿದೆ. ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕು ವಿಧವೆಂದು ಹೇಳುತ್ತದೆ. ಅಂಗಗಳಿಂದ ಮಾಡುವುದು ಆಂಗಿಕ, ಮಾತಿನಿಂದ ಮಾಡುವುದು ವಾಚಿಕ, ವೇಷಭೂಷಣಗಳದು ಆಹಾರ್ಯ, ಅಂತರಂಗದ ಭಾವದ್ದು ಸಾತ್ತ್ವಿಕ. ಭರತನಾಟ್ಯವು ಕಾಲಕ್ರಮದಲ್ಲಿ ಆಹಾರ್ಯದ ಭಾರದ ಕೆಳಗೆ ಸಿಕ್ಕಿಕೊಂಡಿತು, ಕಥೆಗಳ ಕೆಳಗೆ ದೇಹವು ಕಾಣದಾಯಿತು ಎಂಬುದು ಚಂದ್ರಲೇಖಾ ಅವರ ವಾದ. ಆದುದರಿಂದ ಅವರು ಕಿರೀಟವನ್ನು ತೆಗೆದರು, ಒಡವೆಯನ್ನು ತೆಗೆದರು, ಬಣ್ಣದ ಲೇಪವನ್ನು ತೆಗೆದರು, ದೇವತೆಗಳ ಕಥೆಯನ್ನೂ ತೆಗೆದರು. ಉಳಿದದ್ದು ಸಾದಾ ಉಡುಪಿನ ದೇಹ. ಕಾಲುಗಳನ್ನು ಬಾಗಿಸಿ ಅರೆಮಂಡಿಯಲ್ಲಿ ಕುಳಿತಾಗ ದೇಹವು ತಳೆಯುವ ತ್ರಿಕೋನಗಳು, ಕೈ ಚಾಚಿದಾಗ ಎಳೆಯಲ್ಪಡುವ ರೇಖೆಗಳು, ಎಲ್ಲಕ್ಕೂ ಆಧಾರವಾದ ಬೆನ್ನುಮೂಳೆ. ಇಷ್ಟೇ ತಮ್ಮ ಬಂಡವಾಳವೆಂದರು.

ಭರತನಾಟ್ಯ ಕಲಾವಿದೆಯರೊಡನೆ ಕೇರಳದ ಕಳರಿಪಯಟ್ಟಿನ ಭಟರನ್ನು ಅವರು ಒಂದೇ ರಂಗದ ಮೇಲೆ ತಂದು ನಿಲ್ಲಿಸಿದರು. ಕಳರಿಯೆಂದರೆ ಆನೆ, ಸಿಂಹ, ಕುದುರೆ, ಹಂದಿ ಮುಂತಾದ ಪ್ರಾಣಿಗಳ ನಿಲುವುಗಳನ್ನು ಆಧರಿಸಿದ ಕಾಳಗದ ವಿದ್ಯೆ. ನಮ್ಮ ಕಡೆಯ ಗರಡಿಗಳನ್ನು ಬಲ್ಲವರಿಗೆ ಇದರ ಕಲ್ಪನೆ ಸುಲಭವಾಗಿ ಬಂದೀತು. ಎಣ್ಣೆ ಹಚ್ಚಿ ಪಳಗಿಸಿದ ಆ ಶರೀರಗಳು ನೆಲದ ಮಟ್ಟಕ್ಕೆ ತಗ್ಗಿ ಮುನ್ನುಗ್ಗುವುದನ್ನೂ, ನರ್ತಕಿಯರು ಮಂಡಲದಲ್ಲಿ ಕುಳಿತು ಹೆಜ್ಜೆ ಹಾಕುವುದನ್ನೂ ಒಟ್ಟಿಗೆ ನೋಡಿದಾಗ, ಇವೆರಡೂ ಒಂದೇ ಬೇರಿನಿಂದ ಚಿಗುರಿದ ವಿದ್ಯೆಗಳೆಂದು ಪ್ರೇಕ್ಷಕನಿಗೆ ತಾನಾಗಿಯೇ ತೋರುತ್ತದೆ. ಯೋಗಾಸನಗಳೂ ಅದರೊಡನೆ ಸೇರಿದವು. 'ನರವಾಹನ'ವೆಂಬ ಖಂಡದಲ್ಲಿ ಸ್ತ್ರೀಯೊಬ್ಬಳು ಪುರುಷನ ಬೆನ್ನನ್ನೇರಿ ಸಾಗುತ್ತಾಳೆ. ಸಿಂಹವಾಹನೆಯಾದ ದೇವಿಗೆ ಕೈಮುಗಿಯುವ ಜನಕ್ಕೆ ಇದು ಹೊಸತೇನೂ ಅಲ್ಲ; ಆದರೂ ಸಭೆಯಲ್ಲಿ ಕೆಲವರು ಕುಳಿತಲ್ಲಿಯೇ ಮುಲುಗಾಡಿದರು.

'ಇದು ಭರತನಾಟ್ಯವೇ ಅಲ್ಲ, ಬರಿಯ ಅಂಗಸಾಧನೆ' ಎಂಬ ಆಕ್ಷೇಪವೂ ಬಂದಿತು. ಈ ಮಾತು ನಮ್ಮ ಕಿವಿಗೆ ಹೊಸತಲ್ಲ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದು, ನೃತ್ಯಕ್ಕೂ ಸಂಗೀತಕ್ಕೂ ಪ್ರಾಧಾನ್ಯ ಕೊಟ್ಟು ಹೊಸ ಪ್ರಯೋಗಗಳನ್ನು ಮಾಡಿದಾಗ, 'ಇದು ಯಕ್ಷಗಾನವಲ್ಲ' ಎಂದವರು ದಕ್ಷಿಣ ಕನ್ನಡದಲ್ಲಿಯೂ ಇದ್ದರು. ಹಾಗೆ ಹೇಳುವವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಪರಂಪರೆಯನ್ನು ಕಾಯುವವರು ಇರಲೇಬೇಕು. ಆದರೆ ಚಂದ್ರಲೇಖಾ ಅವರು ಪರಂಪರೆಯನ್ನು ಅರಿಯದೆ ತುಳಿದವರಲ್ಲ, ಅದನ್ನು ಗುರುಮುಖೇನ ಕಲಿತು, ಅದರ ಅಡಿಪಾಯವನ್ನು ಅಗೆದು ನೋಡಿದವರು. ಈ ಭೇದವನ್ನು ಆಕ್ಷೇಪಕರು ಗಮನಿಸಲಿಲ್ಲ.

1989ರ 'ಲೀಲಾವತಿ'ಯು ನಮ್ಮ ಗುಮಾಸ್ತೆ ಮಿತ್ರರಿಗೆ ವಿಶೇಷ ಪ್ರಿಯವಾಗಬೇಕಾದ ಕೃತಿ. ಏಕೆಂದರೆ ಇದು ಲೆಕ್ಕದ ಪುಸ್ತಕವನ್ನು ಕುಣಿಯಿಸಿದ ನೃತ್ಯ! 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಅದರ ಅಂಕಗಣಿತದ ಭಾಗವೇ ಲೀಲಾವತಿ. ಅವರ ಊರಾದ ವಿಜ್ಜಡವಿಡವು ನಮ್ಮ ವಿಜಾಪುರವೇ ಎಂದು ಕೆಲವು ವಿದ್ವಾಂಸರು ಹೇಳಿದರೆ, ಖಾನದೇಶದ ಚಾಳೀಸಗಾಂವ್ ಬಳಿಯ ಪಾಟಣ ಸೀಮೆಯೆಂದು ಇತರರು ಹೇಳುತ್ತಾರೆ. ಅಲ್ಲಿ ಭಾಸ್ಕರರ ಮೊಮ್ಮಗ ಚಾಂಗದೇವನ ಶಾಸನವಿರುವುದರಿಂದ ಎರಡನೆಯ ಪಕ್ಷಕ್ಕೆ ಬಲ ಹೆಚ್ಚು. ಊರಿಗಾಗಿ ಜಗಳವಾಡುವುದು ಬೇಡ. ಆ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದನೆಂಬುದು ನಮಗೆ ಸಾಲದೆ?

ಲೀಲಾವತಿಯೆಂಬ ಮಗಳ ಮದುವೆಯ ಮುಹೂರ್ತಕ್ಕೆಂದು ಇಟ್ಟ ಗಳಿಗೆಬಟ್ಟಲನ್ನು ಆಕೆ ಬಗ್ಗಿ ನೋಡುವಾಗ ಮುತ್ತೊಂದು ಉದುರಿ, ರಂಧ್ರವು ಮುಚ್ಚಿ, ಮುಹೂರ್ತ ತಪ್ಪಿಹೋಯಿತೆಂದೂ, ದುಃಖಿತಳಾದ ಮಗಳ ಹೆಸರು ಲೋಕದಲ್ಲಿ ಉಳಿಯಲೆಂದು ತಂದೆಯು ಗ್ರಂಥಕ್ಕೆ ಅವಳ ಹೆಸರನ್ನಿಟ್ಟನೆಂದೂ ಐತಿಹ್ಯವಿದೆ. ಗ್ರಂಥದ ಲೆಕ್ಕಗಳಾದರೋ ಒಣ ಲೆಕ್ಕಗಳಲ್ಲ. ದುಂಬಿಗಳು, ಆನೆಗಳು, ನವಿಲು, ಹಾವು, ಕಡಿದುಹೋದ ಮುತ್ತಿನ ಸರ ಇವೇ ಅಲ್ಲಿನ ಸಾಮಗ್ರಿ. ಒಂದು ಲೆಕ್ಕ ಹೀಗಿದೆ. ಕೊಳದಲ್ಲಿ ತಾವರೆಯೊಂದು ನೀರಿನ ಮೇಲೆ ಅರ್ಧ ಮೊಳ ತಲೆಯೆತ್ತಿ ನಿಂತಿದೆ. ಗಾಳಿಗೆ ಮೆಲ್ಲನೆ ಬಾಗಿ, ನಿಂತ ಸ್ಥಳದಿಂದ 2 ಮೊಳ ದೂರದಲ್ಲಿ ಮುಳುಗುತ್ತದೆ. ನೀರಿನ ಆಳವೆಷ್ಟು? ಲಂಬಕೋನ ತ್ರಿಕೋನದ ನಿಯಮ ಬಲ್ಲವರು ಮಾಡಿ ನೋಡಬಹುದು. ಉತ್ತರ 3¾ ಮೊಳ. ಇಂಥ ಶ್ಲೋಕಗಳನ್ನು ಹಾಡಿಸಿ, ಸಂಖ್ಯೆಗಳನ್ನು ಹಸ್ತಮುದ್ರೆಗಳಲ್ಲಿ ಎಣಿಸಿ, ಚಂದ್ರಲೇಖಾ ಅವರು ಗಣಿತವನ್ನು ವಿನೋದವನ್ನಾಗಿ ಮಾಡಿದರು. ಭಕ್ತಿಯೂ ವಿರಹವೂ ಅಲ್ಲದ ವಿಷಯವನ್ನು ಭರತನಾಟ್ಯವು ಹೇಳಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಮರುವರುಷ, 1990ರಲ್ಲಿ, 'ಪ್ರಾಣ' ರಚಿತವಾಯಿತು. ಮುತ್ತುಸ್ವಾಮಿ ದೀಕ್ಷಿತರ ನವಗ್ರಹಕೃತಿಗಳೂ ಯೋಗದ ಉಸಿರಾಟದ ಕ್ರಮವೂ ಇದರ ಆಧಾರ. ಅದೇ ಕಾಲದಲ್ಲಿ ಬಂದ 'ಶ್ರೀ' ಎಂಬ ಕೃತಿಯನ್ನು ಕುರಿತು ಸ್ವಲ್ಪ ಹೆಚ್ಚಾಗಿಯೇ ಹೇಳಬೇಕೆನಿಸುತ್ತದೆ.

'ಶ್ರೀ'ಯ ವಸ್ತು ಸ್ತ್ರೀ. ಪುರಾತನ ಕಾಲದಲ್ಲಿ ಮಾತೃದೇವತೆಯಾಗಿದ್ದವಳು ಹೇಗೆ ಅಧೀನಳಾದಳು, ಮುಂದೆ ಹೇಗೆ ಎದ್ದು ನಿಂತಾಳು ಎಂಬುದನ್ನು ಮಾತಿಲ್ಲದೆ ಹೇಳುವ ನೃತ್ಯವಿದು. ಅದರಲ್ಲಿ ಒಂದು ದೃಶ್ಯ. ಸ್ತ್ರೀಯರ ಸಾಲೊಂದು ರಂಗದ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತದೆ. ಎಲ್ಲರ ಬೆನ್ನೂ ಬಾಗಿದೆ. ತಲೆಯೆತ್ತುವವರಿಲ್ಲ. ಅಭಿನಯವಿಲ್ಲ, ಕಣ್ಣೀರಿಲ್ಲ, ಗೋಳಿನ ಹಾಡಿಲ್ಲ. ಬಾಗಿದ ಬೆನ್ನುಗಳು ನಿಧಾನವಾಗಿ, ತಡೆಯಲಾರದಷ್ಟು ನಿಧಾನವಾಗಿ, ಕಣ್ಣೆದುರಿಗೆ ಸಾಗುತ್ತಲೇ ಇರುತ್ತವೆ. ಪ್ರೇಕ್ಷಕನು ಮುಖವನ್ನು ತಿರುಗಿಸಬೇಕು, ಇಲ್ಲವೆ ನೋಡಲೇಬೇಕು.

ಈ ದೃಶ್ಯದ ಅರ್ಥವನ್ನು ತಿಳಿಯಲು ನಾಟ್ಯಶಾಸ್ತ್ರವನ್ನು ಓದಿರಬೇಕಾಗಿಲ್ಲ. ದಿನಕ್ಕೆ ಹತ್ತು ಗಂಟೆ ದೋಸೆಯ ಕಾವಲಿಯ ಮುಂದೆ ನಿಂತವನ ಸೊಂಟಕ್ಕೆ ಇದರ ಅರ್ಥ ತಿಳಿದಿದೆ. ತೊಟ್ಟಿಯ ಬಳಿ ಬಗ್ಗಿ ಲೋಟ ತಟ್ಟೆಗಳನ್ನು ತೊಳೆಯುವ ಹುಡುಗನಿಗೂ, ಮೇಜಿನ ಮೇಲೆ ಕವಿದುಕೊಂಡು ಲೆಕ್ಕ ಬರೆದು ನಲವತ್ತಕ್ಕೇ ಗೂನು ಬಂದ ಗುಮಾಸ್ತೆಗೂ ತಿಳಿದಿದೆ. ಊರಿನಲ್ಲಿ ನಮ್ಮ ತಾಯಂದಿರು ನಾಟಿಯ ಗದ್ದೆಯಲ್ಲಿ ಬಗ್ಗಿದವರು, ಬಾವಿಕಟ್ಟೆಯಲ್ಲಿ ಬಗ್ಗಿದವರು, ಒಲೆಯ ಮುಂದೆ ಬಗ್ಗಿದವರು. ಅವರ ಬೆನ್ನು ಎಂದಾದರೂ ನೆಟ್ಟಗಾಗಿದ್ದುದನ್ನು ನಾವು ಕಂಡೆವೆ? ಹೋಟೆಲು ನಡೆಸಿದ ದಿನಗಳಲ್ಲಿ ನಾವು ಕಲಿತ ಒಂದು ಸಂಗತಿಯೆಂದರೆ, ಕೆಲಸಗಾರನು ಎಷ್ಟು ವರುಷ ಯಾವ ಕೆಲಸ ಮಾಡಿದ್ದಾನೆಂಬುದನ್ನು ಅವನು ನಡೆದುಬರುವ ರೀತಿಯಿಂದಲೇ ಹೇಳಬಹುದೆಂಬುದು. ಬಡಿಸುವವನ ನಡಿಗೆಯೇ ಬೇರೆ, ರುಬ್ಬುವವನ ನಡಿಗೆಯೇ ಬೇರೆ. ದೇಹವು ತನ್ನ ಚರಿತ್ರೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಚಂದ್ರಲೇಖಾ ಅವರು ಓದಿದುದು ಈ ಬರವಣಿಗೆಯನ್ನು. ಬೆನ್ನುಮೂಳೆಯು ನೆಟ್ಟಗಾಗುವುದೆಂದರೆ ಅದು ಬರಿಯ ಅಂಗಸಾಧನೆಯಲ್ಲ, ಸ್ವಾತಂತ್ರ್ಯದ ವಿಷಯವೆಂಬುದು ಅವರ ನಿಲುವು. 1952ರ ಆ ಪ್ರಶ್ನೆಗೆ ಉತ್ತರವು ಈ ದೃಶ್ಯದಲ್ಲಿ ದೊರೆತಿದೆಯೆಂದು ನಮಗೆ ಅನಿಸುತ್ತದೆ. ಬರಗಾಲವನ್ನು ಕುಣಿದು ತೋರಿಸಬೇಕಾಗಿಲ್ಲ. ನೀರಿಗಾಗಿ ಸಾಲಿನಲ್ಲಿ ನಿಂತವರ ದೇಹವನ್ನು ನೃತ್ಯವು ತನ್ನದನ್ನಾಗಿ ಮಾಡಿಕೊಂಡರೆ ಸಾಕು.

ಮುಂದೆ 1994ರಲ್ಲಿ 'ಯಂತ್ರ', 1995ರಲ್ಲಿ 'ಮಹಾಕಾಲ', 1998ರಲ್ಲಿ 'ರಾಗ', 1999ರಲ್ಲಿ 'ಶ್ಲೋಕ' ಬಂದವು. 'ಯಂತ್ರ'ಕ್ಕೆ ಸೌಂದರ್ಯಲಹರಿಯ ಸ್ಫೂರ್ತಿ. ಶ್ರೀಚಕ್ರದ ತ್ರಿಕೋನಗಳನ್ನು ನರ್ತಕಿಯರ ಕಾಲುಗಳೂ ತೋಳುಗಳೂ ರಚಿಸುತ್ತವೆ. 'ರಾಗ'ದಲ್ಲಿ ಪುರುಷನೊಳಗೆ ಅಡಗಿರುವ ಸ್ತ್ರೀತ್ವವನ್ನು ಹುಡುಕಿದರು. ನಮ್ಮ ಬಯಲಾಟಗಳಲ್ಲಿ ಸ್ತ್ರೀವೇಷಧಾರಿಗಳನ್ನು ಕಂಡು ಮೆಚ್ಚಿದ ಜನಕ್ಕೆ ಇದೇನೂ ಅಸಹ್ಯವೆನಿಸಬೇಕಾಗಿಲ್ಲ. ಆದರೂ ನಗರಗಳ ಸುಶಿಕ್ಷಿತರಲ್ಲಿ ಹಲವರಿಗೆ ಇರುಸುಮುರುಸಾಯಿತು.

ವಿದೇಶಗಳಲ್ಲಿ ಹೆಸರು ಬಂದಿತು. ಜರ್ಮನಿಯ ವುಪರ್ಟಾಲ್ ನಗರದ ಜಗದ್ವಿಖ್ಯಾತ ನೃತ್ಯಸಂಯೋಜಕಿ ಪೀನಾ ಬೌಶ್ ಅವರು ಆಪ್ತಸ್ನೇಹಿತೆಯಾದರು. ಲೇಖಕ ರುಸ್ತಮ್ ಭರೂಚಾ ಅವರು 1995ರಲ್ಲಿ ಆಕೆಯ ಬಾಳನ್ನೂ ಕೃತಿಗಳನ್ನೂ ಕುರಿತು ಗ್ರಂಥವನ್ನೇ ಬರೆದರು. 2004ರಲ್ಲಿ ಸಂಗೀತ ನಾಟಕ ಅಕಾಡೆಮಿಯು ತನ್ನ ಪರಮೋಚ್ಚ ಗೌರವವಾದ ಸದಸ್ಯತ್ವವನ್ನು ಕೊಟ್ಟಿತು. 22 ವರುಷಗಳ ಹಿಂದೆ ರಾಜದ್ರೋಹಿಯೆನಿಸಿದವರಿಗೆ ರಾಷ್ಟ್ರದ ಗೌರವ! ಎರಡನ್ನೂ ಅವರು ಒಂದೇ ನಗೆಯಿಂದ ಸ್ವೀಕರಿಸಿರಬೇಕು.

ಕೊನೆಯ ಕೃತಿ 2001ರ 'ಶರೀರ'. ರಂಗದ ಮೇಲೆ ಇಬ್ಬರೇ, ಒಬ್ಬ ಸ್ತ್ರೀ, ಒಬ್ಬ ಪುರುಷ. ಗುಂದೇಚಾ ಸಹೋದರರ ಧ್ರುಪದ ಗಾಯನ. ಕವಯಿತ್ರಿಯೂ ಆದ ತಿಶಾನಿ ದೋಶಿ ಮತ್ತು ಕಳರಿಯಲ್ಲಿ ಪಳಗಿದ ಶಾಜಿ ಜಾನ್ ಇದನ್ನು ವರುಷಗಟ್ಟಲೆ ಪ್ರದರ್ಶಿಸಿದರು. ಸ್ತ್ರೀಯ ದೇಹದಲ್ಲಿರುವ ಸೃಷ್ಟಿಶಕ್ತಿಯನ್ನು ಮುಚ್ಚುಮರೆಯಿಲ್ಲದೆ, ಆದರೆ ಪೂಜೆಯ ಗಾಂಭೀರ್ಯದಿಂದ ಹೇಳುವ ಕೃತಿಯಿದು. ಚಲನೆಯಾದರೋ ಬಹಳ ನಿಧಾನ. ಒಂದು ಕಾಲು ಮೇಲೇಳುವುದಕ್ಕೆ ತಗಲುವ ಕಾಲದಲ್ಲಿ ನಮ್ಮ ಹೋಟೆಲಿನ ಮಾಣಿಯು ನಾಲ್ಕು ಮೇಜುಗಳಿಗೆ ಬಡಿಸಿ ಬಂದಾನು. ಅಂಥ ನಿಧಾನವು ಹೊಟ್ಟೆತುಂಬಿದವರಿಗೆ ಮಾತ್ರ ರುಚಿಸುವುದೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಇಡೀ ದಿನ ಗಡಿಯಾರದ ಮುಳ್ಳಿಗೆ ಓಡುವವನಿಗೇ ನಿಧಾನದ ಬೆಲೆ ಗೊತ್ತು. ಯಕ್ಷಗಾನದಲ್ಲಿ ಒಂದು ಒಡ್ಡೋಲಗವನ್ನು ಅರ್ಧ ಗಂಟೆ ನೋಡಿ ಬೇಸರಪಡದ ಜನ ನಾವು. ಕಷ್ಟವಿರುವುದು ರುಚಿಯಲ್ಲಿ ಅಲ್ಲ. ಇಂಥ ಪ್ರದರ್ಶನಗಳು ಕೆಲಸದ ಹೊತ್ತು ಮುಗಿಯದ ಸಾಯಂಕಾಲಗಳಲ್ಲಿ, ದುಡಿಯುವವರು ಕಾಲಿಡಲು ಹಿಂಜರಿಯುವ ಸಭಾಗೃಹಗಳಲ್ಲಿ ನಡೆಯುತ್ತವೆ. ಬಾಗಿದ ಬೆನ್ನುಗಳ ನೃತ್ಯವನ್ನು ಬಾಗಿದ ಬೆನ್ನಿನವರು ನೋಡಲಾಗದೆ ಹೋದದ್ದನ್ನು ಈ ದೊಡ್ಡ ಕಲಾವಿದೆಯ ಬಾಳಿನಲ್ಲಿ ಒಂದು ಕೊರತೆಯೆಂದು ನಾವು ಎಣಿಸುತ್ತೇವೆ. ಆ ಕೊರತೆಗೆ ಅವರೊಬ್ಬರೇ ಹೊಣೆಗಾರರಲ್ಲ. ನಮ್ಮ ಕನ್ನಡ ಸಂಘಗಳು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಇಂಥ ಒಂದು ಕಾರ್ಯಕ್ರಮವನ್ನು ಏರ್ಪಡಿಸಿದರೆ ಯಾರು ಬೇಡವೆನ್ನುತ್ತಾರೆ?

ಆಕೆಯನ್ನು ಕಂಡವರೆಲ್ಲ ನೆನೆಯುವುದು ಬೆಳ್ಳಗೆ ಹರಡಿದ ಕೂದಲು, ಕಾಡಿಗೆ ತುಂಬಿದ ಕಣ್ಣು, ಹಣೆಯ ಮೇಲಿನ ದೊಡ್ಡ ಕುಂಕುಮ. ವಾಸವಿದ್ದುದು ಚೆನ್ನೈಯ ಬೆಸೆಂಟ್ ನಗರದಲ್ಲಿ, ಎಲಿಯಟ್ ಕಡಲತೀರದ ಮನೆಯಲ್ಲಿ. ಮರಗಿಡಗಳ ನಡುವೆ ಉಯ್ಯಾಲೆಗಳು, ಬಾಗಿಲು ಹಾಕದ ಆತಿಥ್ಯ. ಆ ಆವರಣವನ್ನು 'ಸ್ಪೇಸಸ್' ಎಂಬ ಕಲಾಸ್ಥಾನವನ್ನಾಗಿ ಮಾಡಿ, ನೃತ್ಯಾಭ್ಯಾಸಕ್ಕೂ ಪ್ರದರ್ಶನಕ್ಕೂ 'ಮಂಡಲ'ವೆಂಬ ರಂಗಮಂಟಪವನ್ನು ಕಟ್ಟಿಸಿದರು. ಅರ್ಬುದರೋಗವು ಅಂಟಿಕೊಂಡಿತ್ತು. 2006ರ ಡಿಸೆಂಬರ್ 30ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಚೆನ್ನೈಯ ಸಂಗೀತೋತ್ಸವದ ಋತುವದು. ಊರಿನ ಸಭೆಗಳಲ್ಲೆಲ್ಲ ಯಮುನೆಯ ತೀರದ ಸಖಿಯರು ಎಂದಿನಂತೆ ಕುಣಿಯುತ್ತಿದ್ದರು.

ಅವರಲ್ಲಿ ಪಳಗಿದವರ ಪೈಕಿ ಪದ್ಮಿನಿ ಚೆಟ್ಟೂರ್ ಅವರು ತಮ್ಮದೇ ಆದ ದಾರಿ ಹಿಡಿದು ಸಮಕಾಲೀನ ನೃತ್ಯಸಂಯೋಜಕಿಯೆಂದು ಹೆಸರಾದರು. 'ಶರೀರ'ವು ಸಂಯೋಜಕಿಯು ಅಳಿದ ಮೇಲೂ ಹಲವು ವರುಷ ರಂಗದ ಮೇಲೆ ಉಳಿಯಿತು. ಚೆನ್ನೈಯಲ್ಲಿರುವ ನಮ್ಮ ವಾಚಕರಿಗೆ ಎಲಿಯಟ್ ಕಡಲತೀರವು ಅಪರಿಚಿತವಲ್ಲ. ವಾರದ ರಜೆಯ ಸಂಜೆ ಬೆಸೆಂಟ್ ನಗರದ ಬಸ್ಸಿನಿಂದಿಳಿದು, ಸುಂಡಲ್ ಪೊಟ್ಟಣ ಹಿಡಿದು ಆ ಮರಳಿನ ಮೇಲೆ ಕುಳಿತು ಬಂದವರು ನಮ್ಮವರಲ್ಲಿ ಎಷ್ಟೋ ಮಂದಿ. ಆ ಉಯ್ಯಾಲೆಗಳ ಮನೆಯು ಅಲ್ಲಿಯೇ, ಕಡಲಿಗೆ ಸಮೀಪದಲ್ಲಿ ಇದ್ದಿತು.